ಸೊಟ್ಟ ಬಂದೂಕು

ರಾಮತೀರ್ಥ ನಗರ, ಬೆಳಗಾವಿ
ರವಿವಾರ, ೯ ಫೆಬ್ರುವರಿ ೨೦೨೫

ಸದಾಶಿವನಗರದ ಶ್ರೀಮಾನ್ ರಾಮಲಿಂಗ ಅವರಿಗೆ,

ಮದುವೆಯಾದಾಗಿನಿಂದ ನಿಮಗೆ ಪತ್ರ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ಒಂದೇ ಸೂರಿನಡಿ ಇದ್ದವರಿಗೆ ಪತ್ರ ಯಾಕೆ ಬೇಕು? ಹೀಗಾಗಿ ಗಂಡನಿಗೆ ಬರೆಯುವ ಕಾಗದದ ಮೊದಲ ಸಾಲಿನಲ್ಲಿ ಏನು ಹಾಕುತ್ತಾರೆಂಬುದು ನನಗೆ ರೂಢಿಯಿಲ್ಲ. ತಂಗಿ ಶೀತಲಳನ್ನು ಕೇಳಿದೆ. "ನಮಸ್ಕಾರ ಅಂತ ಬರಿ ಅಕ್ಕಾ, ಸಾಕು" ಅಂದಳು. ಅವಳ ಮನೆಯಲ್ಲಿ ಉಣ್ಣುತ್ತಿದ್ದೇನೆ, ಅವಳ ಮಾತು ಮೀರಬಾರದು. ಆದ್ದರಿಂದ ನಮಸ್ಕಾರ.

ನಿಮ್ಮ ಪತ್ರ ಮುಟ್ಟಿತು. ತನ್ನ ಫೌಂಡ್ರಿಯ ಲೆಟರ್‌ಹೆಡ್ಡಿನ ಮೇಲೆ ಹೆಂಡತಿಗೆ ಬರೆಯುವ ಗಂಡಸು ಇಡೀ ಉದ್ಯಮಬಾಗದ ಕಾರಖಾನೆಗಳಲ್ಲಿ ನೀವೊಬ್ಬರೇ ಇರಬೇಕು. ಮೇಲೆ ಕಂಪನಿಯ ಹೆಸರು, ಕೆಳಗೆ ಫೋನ್ ನಂಬರು, ನಡುವೆ ನಿಮ್ಮ ದೊಡ್ಡ ಮನಸ್ಸು. ನಾಲ್ಕು ಜನರ ಎದುರು ನಾನು ನಿಮ್ಮ ಮಾನ ಕಳೆದೆನಂತೆ. ಆದರೂ ನೀವು ಅದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲವಂತೆ. ನಾನು ಮನೆಗೆ ಬರಬಹುದಂತೆ. ಬಂದ ಮೇಲೆ ಪುಣೆಯ ಸಂಗ್ರಾಹಕರ ಸಂಘದ ಸಂಚಿಕೆಗೆ ಆ ಬಂದೂಕಿನ ಮೇಲೆ ಒಂದು ಲೇಖನ ಬರೆದುಕೊಡಬೇಕಂತೆ. ಅಂದರೆ ಹೆಂಡತಿ ಬೇಕಾಗಿಲ್ಲ, ಲೇಖನ ಬೇಕಾಗಿದೆ. ಇದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಉಳಿದ ಕಾಗದ ಉಳಿಯುತ್ತಿತ್ತು.

ಅಷ್ಟು ಉದ್ದದ ಪತ್ರದಲ್ಲಿ ಮಾಯವ್ವನ ಹೆಸರು ಒಂದು ಕಡೆಯೂ ಇಲ್ಲ. "ಆ ಘಟನೆ" ಅಂತ ಇದೆ, "ಆ ಗೊಂದಲ" ಅಂತ ಇದೆ. ಎಂಬತ್ತು ದಾಟಿದ ಹೆಂಗಸು ನಿಮಗೆ ಒಂದು ಗೊಂದಲ. ಅವಳ ಹೆಸರು ನಿಮ್ಮ ಪೆನ್ನಿಗೆ ಬರುವುದಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಗುಂಜಿಯ ಮಾಯವ್ವ, ಹಣಮಪ್ಪನ ಮಗಳು. ಸೊಟ್ಟ ಬಂದೂಕಿನ ಹಣಮಪ್ಪನ ಮಗಳು.

ಆ ಬಂದೂಕು ಸಿಕ್ಕ ದಿನ ನಿಮಗೆ ಮರೆತಿದೆ ಎಂದು ನಾನು ಒಪ್ಪುವುದಿಲ್ಲ. ಮರೆತಿದ್ದರೆ ನಿಮ್ಮನ್ನು ಅರ್ಧ ಕ್ಷಮಿಸಬಹುದಿತ್ತು.

ಗುಂಜಿಗೆ ಹೋಗುವ ಹೊತ್ತಿಗೆ ನಾವಿಬ್ಬರೂ ಹಳೆಯ ಬಂದೂಕುಗಳಿಗಾಗಿ ಖಾನಾಪುರ ತಾಲೂಕಿನ ಎಷ್ಟೋ ಹಳ್ಳಿ ಸುತ್ತಿದ್ದೆವು. ಉಳಿದ ಸಂಗ್ರಾಹಕರು ಕಾರಖಾನೆಯಿಂದ ನಿನ್ನೆ ಬಂದಂತಿರುವ ಸಿಪಾಯಿ ಬಂದೂಕುಗಳನ್ನು ಹುಡುಕುತ್ತಿದ್ದರು, ನಾವು ಕೆಟ್ಟವನ್ನು ಹುಡುಕುತ್ತಿದ್ದೆವು. ನಂದಗಡದಲ್ಲಿ ನೋಡಿದ್ದು ನೆನಪಿದೆಯೇ? ಕಾಡಿನ ಪೊದೆಯಲ್ಲಿ ಸಿಕ್ಕಿಕೊಳ್ಳದಿರಲೆಂದು ನಳಿಗೆಯನ್ನು ಮೊಳದುದ್ದ ಕತ್ತರಿಸಿದ್ದರು. ಲೋಂಡಾದ ಬಂದೂಕಿನಲ್ಲಿ ಭುಜಕ್ಕೆ ಆನಿಸುವ ಮರದ ಹಿಡಿಯನ್ನು ಕೊರೆದು ಒಳಗೆ ಮದ್ದು ಹೊತ್ತಿಸುವ ಕೇಪು ಇಡುವ ಗೂಡು ಮಾಡಿದ್ದರು, ಮೇಲೆ ಹುಣಸೆ ಮರದ ಮುಚ್ಚಳ. ಬಂದೂಕು ಕಾರಖಾನೆಯಿಂದ ಹೊರಟಾಗ ಎಲ್ಲವೂ ಒಂದೇ, ಮನುಷ್ಯನ ಕೈಗೆ ಬಿದ್ದ ಮೇಲೆ ಒಂದೊಂದೂ ಬೇರೆ. ಇದು ನನ್ನ ಮಾತಲ್ಲ, ನೀವೇ ಕಾರು ನಡೆಸುತ್ತ ಹೇಳಿದ್ದು. ನಾನು ಕಾಲೇಜಿನಲ್ಲಿ ಅಷ್ಟು ವರ್ಷ ಇತಿಹಾಸ ಕಲಿಸಿದರೂ ನನಗೆ ಹೊಳೆದಿರಲಿಲ್ಲ. ಆ ದಿನ ನಿಮ್ಮ ಬಗ್ಗೆ ನನಗೆ ಬಹಳ ಹೆಮ್ಮೆ ಅನಿಸಿತ್ತು. ಎಂಥ ದಡ್ಡಿ ನಾನು.

ಗುಂಜಿಯಲ್ಲಿ ಮಾಯವ್ವನ ಮಗ ಯಲ್ಲೇಶ ಅಟ್ಟದಿಂದ ಗೋಣಿಚೀಲದಲ್ಲಿ ಸುತ್ತಿದ್ದ ಬಂದೂಕು ಇಳಿಸಿದ. ಕೇಪಿಗೆ ಬಡಿಯುವ ಕುದುರೆಯನ್ನು ಆಮೇಲೆ ಕೂಡಿಸಿದ ಹಳೆಯ ಚಕಮಕಿ ಬಂದೂಕು, ಕುದುರೆಯ ಬಾಜು ಕಬ್ಬಿಣದ ಪಟ್ಟಿಯ ಮೇಲೆ ಕಂಪನಿ ಸರಕಾರದ ಸಿಂಹ ಸವೆದು ನಾಯಿಯಂತಾಗಿತ್ತು. ಅದೆಲ್ಲ ನಾವು ಬೇಕಾದಷ್ಟು ನೋಡಿದ್ದೆವು. ಹಿಡಿ ಮಾತ್ರ ಎಲ್ಲೂ ನೋಡಿರಲಿಲ್ಲ. ಕುದುರೆಯ ಹಿಂದೆ ಮರ ಬಲಕ್ಕೆ ಹೊರಳಿ, ಬಾಗಿ, ಮತ್ತೆ ನೆಟ್ಟಗಾಗಿ ಭುಜಕ್ಕೆ ಬರುತ್ತಿತ್ತು. ಮುರಿದು ತಪ್ಪು ಜೋಡಿಸಿದ್ದಾರೆ ಎಂದು ನಾನು ಅಂದೆ. ನೀವು ಎತ್ತಿ ಬಲಭುಜಕ್ಕೆ ಆನಿಸಿದಿರಿ. ಬಲಗಣ್ಣು ಮುಚ್ಚಿದಿರಿ. ಆಮೇಲೆ ಆ ಅಂಗಳದಲ್ಲಿ, ಕೋಳಿಗಳು ಹಾರಿಬೀಳುವ ಹಾಗೆ ಕೂಗಿದಿರಿ: "ಪ್ರಮಿಳಾ, ಎಡಗಣ್ಣು! ಎಡಗಣ್ಣಿಗೆ ಮಾಡ್ಯಾನ ಇದನ್ನ!"

ನಾನೂ ಎತ್ತಿ ನೋಡಿದೆ. ಬಂದೂಕು ಬಲಭುಜದ ಮೇಲೆ, ನಳಿಗೆ ಮಾತ್ರ ಎಡಗಣ್ಣಿನ ಎದುರು ದಾರದಂತೆ ನೇರ.

ಆಗ ಮಾಯವ್ವ ಹೇಳಿದಳು. ಅವಳು ಸಣ್ಣವಳಿದ್ದಾಗ ಹಣಮಪ್ಪನಿಗೆ ಗದ್ದೆಯ ಬದುವಿನ ಮೇಲೆ ಕರಡಿ ಎರಗಿತ್ತು. ಬಲಗಣ್ಣು ಹೋಯಿತು, ಎಡಭುಜ ಹರಿಯಿತು. ಬಂದೂಕು ಇಡಲು ಉಳಿದದ್ದು ಬಲಭುಜ, ನೋಡಲು ಉಳಿದದ್ದು ಎಡಗಣ್ಣು. ಹಂದಿಗಳು ಭತ್ತಕ್ಕೆ ಬೀಳುವುದನ್ನು ಬಿಡಲಿಲ್ಲ. ಆ ಮಳೆಗಾಲವಿಡೀ ಅವನು ಕಟ್ಟೆಯ ಮೇಲೆ ಕುಳಿತು ಮತ್ತಿ ಮರದ ತುಂಡನ್ನು ಕೆತ್ತಿದ. "ನಾ ಅಂಗಳದ ಆ ತುದಿಗೆ ನಿಂತು ಹೆಬ್ಬೆಟ್ಟ ಎತ್ತಿ ಹಿಡೀತಿದ್ನಿರಿ. ಅಪ್ಪ ಮದ್ದಿಲ್ಲದ ಬಂದೂಕ ಎತ್ತಿ ನನ್ನ ಹೆಬ್ಬೆಟ್ಟ ನೋಡತಿದ್ದ. ಕಾಣವಲ್ದು ಮಾಯಿ ಅಂತಿದ್ದ, ಮತ್ತ ಕೆತ್ತತಿದ್ದ. ಒಂದಿನ ಕಂಡ್ತವ್ವಾ ಅಂದ. ಅಂದು, ಅತ್ತ."

ಹಿಡಿಯ ಮೇಲೆ ಅವನ ಕೆನ್ನೆ ಒತ್ತಿದ ಜಾಗ ಬೆವರಿನಿಂದ ಕರ್ರಗಾಗಿ ತಗ್ಗು ಬಿದ್ದಿತ್ತು. ನೀವು ಅದರ ಮೇಲೆ ಬೆರಳಾಡಿಸಿದ್ದನ್ನು ನಾನು ನೋಡಿದ್ದೇನೆ. ಅಪ್ಪನ ಹೆಸರು ಬರೆದು, ಹೇಗಿದೆಯೋ ಹಾಗೇ ಇಡಬೇಕು ಎಂಬುದೊಂದೇ ಮಾಯವ್ವ ಕೇಳಿದ್ದು. "ಹಂಗs ಇಡತೇನಬೇ, ನನ್ನ ಆಣಿ" ಅಂದಿರಿ. ಪರವಾನಿಗೆಯ ಕಾಗದಪತ್ರ ಮುಗಿಸಿ, ಮಗುವಿನಂತೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಂದಿರಿ.

ಆಮೇಲೆ ಪುಣೆಯ ಸಂಗ್ರಾಹಕರ ಸಂಘದ ಪ್ರಸಾದ ಬಂದ. ನಿಮ್ಮ ಹೊಸ ದೈವ. ಬೆಳ್ಳಿಯ ಗುಂಡಿಯ ಕೋಟು ಹಾಕಿಕೊಂಡು ನಮ್ಮ ಹಾಲ್‌ನಲ್ಲಿ ಕುಳಿತು, ನಾನು ಮಾಡಿದ ಚಹಾ ಕುಡಿಯುತ್ತ, ಹಣಮಪ್ಪನ ಬಂದೂಕು ನೋಡಿ "ಹಳ್ಳಿಯವರು ಕೆಡಿಸಿದ ಮಾಲು, ಒಲೆಗೆ ಹಾಕ್ರಿ" ಎಂದು ನಕ್ಕ. ನಾನು ಬಾಯಿ ತೆರೆಯುವ ಮೊದಲೇ ನೀವು ಅವನ ಜೊತೆ ನಕ್ಕಿರಿ. ಉದ್ಯಮಬಾಗದಲ್ಲಿ ಅಷ್ಟು ಜನರಿಗೆ ಅನ್ನ ಹಾಕುವ ಮನುಷ್ಯ, ಕೋಟಿನ ಗುಂಡಿಗೆ ಹೆದರಿ ನಕ್ಕಿರಿ. ನಿಮ್ಮ ನಗು ಅಷ್ಟು ಸಣ್ಣದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಮೇಲಿನದು ನನಗೆ ಗೊತ್ತಾದದ್ದು ನಿಮ್ಮ ಫೌಂಡ್ರಿಯಲ್ಲಿ ಎರಕಕ್ಕೆ ಮರದ ಮಾದರಿ ಮಾಡುವ ಬಡಿಗ ಗೌರೀಶನಿಂದ. ಅವನಿಗೆ ಬೈಯಬೇಡಿ, ಪ್ರದರ್ಶನ ಮುಗಿದ ಮೇಲೆ ನಾನೇ ಫೋನ್ ಮಾಡಿ ಕೇಳಿದೆ. ಸಾಹೇಬರು ಇಂಗ್ಲೆಂಡಿನ ಪುಸ್ತಕದ ಚಿತ್ರ ಕೊಟ್ಟು, ಇದರಂತೆ ನೆಟ್ಟಗಿನ ಹಿಡಿ ಮಾಡು ಅಂದರು, ಮಾಡಿದೆ ಅಂದ. ಹಳೆಯದು ಎಲ್ಲಿ ಎಂದರೆ ಹೇಳಿದ: ಕಟ್ಟಿಗೆ ಚೂರುಗಳ ಜೊತೆ ಹೋಯಿತು, ಕುಲುಮೆ ಹೊತ್ತಿಸಲು ಒಯ್ದರು.

ಒಬ್ಬ ಮನುಷ್ಯ ಒಂದು ಮಳೆಗಾಲವಿಡೀ ಕೆತ್ತಿದ್ದನ್ನು ನೀವು ಒಂದು ಮುಂಜಾನೆ ಬೆಂಕಿ ಹಚ್ಚಲು ಬಳಸಿದಿರಿ. ಬೀಡು ಕಬ್ಬಿಣವನ್ನು ಕರಗಿಸುವವರಿಗೆ ಕಟ್ಟಿಗೆ ಏನು ಲೆಕ್ಕ!

ಇನ್ನು ಸಂಘದವರು ಬೆಳಗಾವಿಯಲ್ಲಿ ಇಟ್ಟ ಆ ಪ್ರದರ್ಶನದ ದಿನ. ಗಾಜಿನ ಪೆಟ್ಟಿಗೆಗೆ ಕೆಂಪು ಬಟ್ಟೆ ಹೊದಿಸಿ ಯಾರೂ ಮುಟ್ಟದಂತೆ ಕಾವಲಿಟ್ಟಿದ್ದಿರಿ. ನನಗೂ ತೋರಿಸಲಿಲ್ಲ. ಎಲ್ಲರ ಜೊತೆ ನೋಡಿದರೆ ಖುಷಿ ಜಾಸ್ತಿ ಅಂದಿರಿ. ನಂಬಿದೆ. ಸಮಾರಂಭಕ್ಕೆ ಮಾಯವ್ವನನ್ನು ಕರೆಸುವ ಐಡಿಯಾ ಕೂಡ ನಿಮ್ಮದೇ. ಹಳ್ಳಿಯ ಮುದುಕಿಗೆ ಶಾಲು ಹೊದಿಸುವ ಫೋಟೋ ಪತ್ರಿಕೆಯವರು ತಪ್ಪದೆ ಹಾಕುತ್ತಾರಲ್ಲ. ಅವಳು ಬೆಳಗಿನ ಗಾಡಿ ಹತ್ತಿ ಯಲ್ಲೇಶನ ಜೊತೆ ಬಂದಳು, ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಅಪ್ಪನನ್ನು ನೋಡಲು ಹೊರಟವಳ ಹಾಗೆ ತಲೆ ಬಾಚಿಕೊಂಡಿದ್ದಳು.

ಬಟ್ಟೆ ಸರಿಸಿದರು. ಚಪ್ಪಾಳೆ. ಎಣ್ಣೆ ಕುಡಿದು ಹೊಳೆಯುವ ಹೊಸ ಮರ, ಅಳತೆಗೋಲಿನಂತೆ ನೆಟ್ಟಗೆ. ಮಾಯವ್ವ ಗಾಜಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಈ ಬದಿಯಿಂದ ನೋಡಿದಳು, ಆ ಬದಿಗೆ ಹೋಗಿ ನೋಡಿದಳು. ನಂತರ ನಿಮ್ಮತ್ತ ತಿರುಗಿ, ಬಹಳ ಸಂಕೋಚದಿಂದ, ನಿಮಗೆ ಯಾರೋ ಮೋಸ ಮಾಡಿದ್ದಾರೇನೋ ಎಂಬ ಕಳವಳದಿಂದ ಹೇಳಿದಳು: "ಸಾಹೇಬ್ರ, ಇದು ನಮ್ಮಪ್ಪಂದು ಅಲ್ರಿ. ನಮ್ದು ಸೊಟ್ಟ ಇತ್ತು."

ಮುಂದಿನ ಸಾಲಿನವರು ನಕ್ಕರು. ಆಗಲಾದರೂ ನೀವು ಸುಮ್ಮನಿರಬಹುದಿತ್ತು. ಮಾತು ತಿರುಗಿಸಬಹುದಿತ್ತು. ಹೊರಗೆ ಕರೆದೊಯ್ದು ಕಾಲು ಹಿಡಿಯಬಹುದಿತ್ತು. ಆದರೆ ಪ್ರಸಾದ ಹುಬ್ಬೇರಿಸಿದ್ದು ನಿಮಗೆ ಕಂಡಿತು. ಮೈಕು ಎತ್ತಿಕೊಂಡಿರಿ. "ಅಜ್ಜಿಗೆ ವಯಸ್ಸಾಗೇತ್ರಿ. ಕಣ್ಣು ಮಂಜ ಆಗ್ಯಾವು, ನೆನಪೂ ಹಂಗs. ನಾವೆಲ್ಲಾ ಒಂದಿನ ಅಲ್ಲಿಗೇ ಹೋಗವರು." ಮತ್ತೆ ನಗು. ಅವಳ ಹೆಗಲ ಮೇಲೆ ಶಾಲು ಬಿತ್ತು, ಫೋಟೋ ಆಯಿತು. ಶಾಲಿನೊಳಗೆ ಅವಳು ಕುಗ್ಗಿದ್ದನ್ನು ಫೋಟೋದವನು ನೋಡಲಿಲ್ಲ, ನಾನು ನೋಡಿದೆ.

ನಾನು ಎದ್ದು ಬಂದು ಮೈಕಿನಲ್ಲಿ ಹೇಳಿದ್ದು ಇಷ್ಟೇ: "ಮಾಯವ್ವ ಹೇಳಿದ್ದು ಖರೇ. ಈ ಹಿಡಿ ಹೊಸಾದು." ನಿಮ್ಮ ಮಾನ ಹೋದದ್ದು ಇಷ್ಟಕ್ಕೆ. ನೀವು ಮೈಕು ಕಸಿದು, ಮನೆಯವರಿಗೂ ಎರಡು ದಿನದಿಂದ ಆರಾಮಿಲ್ಲ, ತಪ್ಪು ತಿಳಿಯಬೇಡಿ ಅಂದಿರಿ. ಎಷ್ಟು ಸಲೀಸು! ಒಬ್ಬಳಿಗೆ ಕಣ್ಣಿಲ್ಲ, ಇನ್ನೊಬ್ಬಳಿಗೆ ತಲೆ ಸರಿಯಿಲ್ಲ, ಸಭೆಯಲ್ಲಿ ನೆಟ್ಟಗಿದ್ದವರು ನೀವು ಮತ್ತು ನಿಮ್ಮ ಬಂದೂಕು. ನಾನು ಮಾಯವ್ವನ ಕೈಹಿಡಿದು ಹೊರಗೆ ಬಂದೆ. ಸ್ಟೇಶನ್ನಿಗೆ ಬಿಟ್ಟು, ಸೀದಾ ಶೀತಲಳ ಮನೆಗೆ ಬಂದೆ. ಆ ಸಂಜೆ ನಿಮಗೆ "ಅತ್ಯುತ್ತಮ ಅಸಲಿ ಬಂದೂಕು" ಎಂಬ ಫಲಕ ಕೊಟ್ಟರೆಂದು ಪತ್ರಿಕೆಯಲ್ಲಿ ಓದಿದೆ. ಅಸಲಿ! ಓದಿ ಜೋರಾಗಿ ನಕ್ಕೆ. ಶೀತಲ ಅಡುಗೆಮನೆಯಿಂದ ಓಡಿಬಂದಳು.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ನಿಮ್ಮನ್ನು ಬರೀ ಡಾಂಭಿಕ ಎಂದುಕೊಂಡು ಬಿಡುತ್ತಿದ್ದೆ. ಡಾಂಭಿಕ ಗಂಡಂದಿರ ಜೊತೆ ಅರ್ಧ ಬೆಳಗಾವಿ ಸಂಸಾರ ಮಾಡುತ್ತಿದೆ. ಆದರೆ ಸಂಕ್ರಾಂತಿ ಕಳೆದ ಮೇಲೆ ಯಲ್ಲೇಶನ ಹೆಂಡತಿ ಕಾಶವ್ವ ಫೋನ್ ಮಾಡಿದಳು. ಅತ್ತೆ ಅಕ್ಕಿ ಆರಿಸುವುದನ್ನು ಬಿಟ್ಟಿದ್ದಾಳೆ ಅಂದಳು. "ನನಗ ಕಲ್ಲು ಕಾಣಂಗಿಲ್ಲ, ಹುಡುಗರ ಹಲ್ಲಿಗೆ ಸಿಕ್ಕರ ಏನ್ ಮಾಡ್ಲಿ" ಅನ್ನುತ್ತಾಳಂತೆ. ಒಲೆಯ ಮುಂದೆ ಕೂರುವುದಿಲ್ಲ, ಬಾವಿಯ ಕಡೆ ಹೋಗುವುದಿಲ್ಲ. ಯಾರಾದರೂ ಏನಾದರೂ ಕೇಳಿದರೆ, ನನಗೆ ನೆನಪಿಲ್ಲ, ಅವರಿವರನ್ನು ಕೇಳು ಅನ್ನುತ್ತಾಳಂತೆ. ಮೊದಲು ಇಡೀ ಊರಿನ ಹೊಲದ ಬದುಗಳ ತಕರಾರನ್ನು ಅವಳ ಬಾಯಿಂದಲೇ ಬಗೆಹರಿಸಿಕೊಳ್ಳುತ್ತಿದ್ದರು.

ನಾನು ಗುಂಜಿಗೆ ಹೋಗಿ, ಅವಳನ್ನು ಖಾನಾಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಹಿಂದೆಯೇ ಆಪರೇಶನ್ ಆದ ಕಣ್ಣು, ಚೆನ್ನಾಗಿವೆ ಅಂದರು ಡಾಕ್ಟರು. ಅವಳು ಏಳಲಿಲ್ಲ. "ಸೊಟ್ಟ ಯಾವದು, ನೆಟ್ಟಗ ಯಾವದು, ನನಗ ಗೊತ್ತಾಗತೈತೇನ್ರಿ? ಅದನ್ನ ನೋಡ್ರಿ" ಅಂದಳು. ಡಾಕ್ಟರಿಗೆ ಪ್ರಶ್ನೆ ತಿಳಿಯಲಿಲ್ಲ. ಆದರೂ ಒಳ್ಳೆಯ ಮನುಷ್ಯ. ಮೇಜಿನ ಮೇಲಿದ್ದ ವೈರನ್ನು ಬಗ್ಗಿಸಿ ಹಿಡಿದರು, ನೆಟ್ಟಗೆ ಮಾಡಿ ಹಿಡಿದರು. ಅವಳು ಸಾಲಿ ಹುಡುಗಿಯಂತೆ ಕೈಕಟ್ಟಿ ಕುಳಿತು ಒಂದೊಂದಕ್ಕೂ ಸರಿಯಾಗಿ ಹೇಳಿದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಹೊರಗೆ ಬಂದ ಮೇಲೆ ಅವಳು ಕೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. "ಕಣ್ಣು ಸರಿ ಅದಾವಂದ್ರ ಮತ್ತ ಬಂದೂಕ ಹೆಂಗ ನೆಟ್ಟಗಾತವ್ವಾ? ಅಪ್ಪ ಕಟ್ಟಿ ಮ್ಯಾಲ ಕುಂತದ್ದು, ನಾ ಹೆಬ್ಬೆಟ್ಟ ಹಿಡಿದದ್ದು, ಎಲ್ಲಾ ನಾನs ಮನಸಿನ್ಯಾಗ ಮಾಡಕೊಂಡೇನೇನು?"

ಅರ್ಥವಾಯಿತೇ ನಿಮಗೆ? ಮರವನ್ನು ಸುಟ್ಟಿದ್ದಷ್ಟೇ ಅಲ್ಲ. ಅವಳಿಗೆ ತನ್ನ ಅಪ್ಪನ ಮೇಲೇ ಸಂಶಯ ಬರುವಂತೆ ಮಾಡಿದಿರಿ. ಅಲ್ಲೇ, ಔಷಧ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂರಿಸಿ ನಾನು ನಡೆದದ್ದನ್ನೆಲ್ಲ ಹೇಳಿದೆ. ನೀವು ಹಿಡಿ ಬದಲಿಸಿದ್ದು, ಹಳೆಯದನ್ನು ಸುಟ್ಟದ್ದು. ಶಾಪ ಹಾಕುತ್ತಾಳೆ ಎಂದು ಕಾದೆ, ಹಾಕಲಿ ಎಂದೂ ಆಸೆಪಟ್ಟೆ. ಕೊನೆಗೆ ಅವಳು ಅಂದದ್ದು: "ಅವರ ಕಡೆ ಅಷ್ಟ ಮಶೀನ್ ಅದಾವಂತ. ನೆಟ್ಟಗಿಂದು ಬೇಕಿದ್ರ ತಮಗೊಂದು ಹೊಸಾದ ಮಾಡಕೋಬಾರದಿತ್ತೇನ್ರಿ?"

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಲೆಟರ್‌ಹೆಡ್ಡಿನ ಮೇಲೆ ಬರೆದು ಕಳಿಸಿ.

ಅಂದಿನಿಂದ ಅವಳು ಮತ್ತೆ ಅಕ್ಕಿ ಆರಿಸುತ್ತಿದ್ದಾಳೆ. ಆದರೆ ಮೊದಲಿನಂತಲ್ಲ. ಆರಿಸಿದ್ದನ್ನು ಕಾಶವ್ವನಿಗೆ ಕೊಟ್ಟು ಇನ್ನೊಮ್ಮೆ ನೋಡು ಅನ್ನುತ್ತಾಳೆ.

ಈಗ ನಿಮ್ಮ ಪತ್ರದ ಕೊನೆಯ ಪುಟ. ನನ್ನ ಸಮಾಧಾನಕ್ಕಾಗಿ, ನಮ್ಮ ಹತ್ತಿರ ಇರುವ ಫೋಟೋ ನೋಡಿ ಗೌರೀಶನಿಂದ "ಇನ್ನೊಂದು ಸೊಟ್ಟ ಹಿಡಿ" ಮಾಡಿಸಿ ಹಾಕುತ್ತೀರಂತೆ, ಯಾರಿಗೂ ಗೊತ್ತಾಗುವುದಿಲ್ಲವಂತೆ. ಇದನ್ನು ಓದಿದಾಗ ನನಗೆ ಸಿಟ್ಟು ಬರಲಿಲ್ಲ, ಹೇಸಿಗೆ ಬಂತು. ಕೆನ್ನೆಯ ತಗ್ಗನ್ನು ಯಾವ ಉಳಿಯಿಂದ ತೆಗೆಸುತ್ತೀರಿ? ಬೆವರಿನ ಕಪ್ಪಿಗೆ ಯಾವ ಪಾಲಿಶ್ ಹಚ್ಚುತ್ತೀರಿ? ಎರಡು ಕಣ್ಣೂ ನೆಟ್ಟಗಿರುವವನು ಫೋಟೋ ನೋಡಿ ಮಾಡಿದ ಸೊಟ್ಟ, ಸೊಟ್ಟವೂ ಅಲ್ಲ. ನಿಮಗೆ ಇದು ತಿಳಿಯದೆ ಹೋಗಿದ್ದರೆ ನಾನು ಇಷ್ಟು ಕಾಗದ ಖರ್ಚು ಮಾಡುತ್ತಿರಲಿಲ್ಲ. ನಿಮಗೆ ತಿಳಿಯುತ್ತದೆ, ಅದೇ ನನ್ನ ತಕರಾರು. ಆ ಅಂಗಳದಲ್ಲಿ ಮೊದಲು ಕಂಡವರು ನೀವು, ನಾನಲ್ಲ. ಮುರಿದದ್ದು ಎಂದು ನಾನು ಬಿಟ್ಟುಬಿಡುತ್ತಿದ್ದೆ. ಪ್ರಸಾದನಂಥ ಕುರುಡ ಸುಟ್ಟಿದ್ದರೆ ಕುರುಡ ಸುಟ್ಟ ಅನ್ನಬಹುದಿತ್ತು.

ಅಂದ ಹಾಗೆ, ಪ್ರಸಾದ ಇತ್ತೀಚೆಗೆ ಫೋನ್ ಎತ್ತುತ್ತಿಲ್ಲ, ಯಾಕೋ ತಿಳಿಯದು ಎಂದು ಬರೆದಿದ್ದೀರಿ. ನಾನು ತಿಳಿಸುತ್ತೇನೆ. ಗುಂಜಿಯಲ್ಲಿ ನಾನು ತೆಗೆದ ಫೋಟೋಗಳನ್ನು, ಗೌರೀಶ ಹೇಳಿದ ಸಂಗತಿಯನ್ನು ಅವರ ಸಂಘಕ್ಕೆ ಕಳಿಸಿದ್ದೇನೆ, ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ. ಫಲಕ ವಾಪಸ್ ಕೇಳುತ್ತಾರೆ. ಹಳ್ಳಿಯವರು ಕೆಡಿಸಿದ್ದಕ್ಕೆ ನಗುವ ಜನ, ಶಹರದವನು ಕೆಡಿಸಿದ್ದನ್ನು ಸಹಿಸುವುದಿಲ್ಲ. ಹೊಸ ಮರ ಹಾಕಿ ಅಸಲಿ ಎಂದು ತೋರಿಸುವುದು ಅವರಲ್ಲಿ ದೊಡ್ಡ ಅಪರಾಧವಂತೆ. ನಿಮ್ಮ ದೈವ ನಿಮ್ಮನ್ನು ಕೈಬಿಟ್ಟಿತು. ನನಗೆ ಒಂದಿಷ್ಟೂ ಕನಿಕರವಿಲ್ಲ.

ಲೇಖನ ಬರೆಯುತ್ತಿದ್ದೇನೆ. ನಿಮಗಾಗಿ ಅಲ್ಲ. ಹಣಮಪ್ಪನ ಹಿಡಿಯ ಬಗ್ಗೆ, ಇದ್ದದ್ದು ಹೇಗಿತ್ತು, ಹೋದದ್ದು ಹೇಗೆ ಎಂಬುದರ ಬಗ್ಗೆ. ಅದರಲ್ಲಿ ನಿಮ್ಮ ಹೆಸರು ಎರಡು ಸಲ ಬರುತ್ತದೆ. ಮೊದಲನೆಯದು, ಅದನ್ನು ಗುರುತಿಸಿದವರು ಎಂದು. ಆ ಸಾಲು ತೆಗೆಯಲು ಮನಸ್ಸಾಯಿತು, ತೆಗೆಯಲಿಲ್ಲ. ಸುಳ್ಳು ಬರೆಯುವುದು ನನ್ನಿಂದ ಆಗುವುದಿಲ್ಲ.

ನಾನು ಮನೆಗೆ ಬರುವ ಮಾತು ಬಿಡಿ. ಮೊದಲು ನೀವು ಗುಂಜಿಗೆ ಹೋಗಿ. ಕಾರಿನಲ್ಲಿ ಹಣ್ಣಿನ ಬುಟ್ಟಿ, ಶಾಲು ಇಟ್ಟುಕೊಂಡು ಹೋಗಬೇಡಿ, ಫೋಟೋದವನಂತೂ ಬೇಡವೇ ಬೇಡ. ನಳಿಗೆ ವಾಪಸ್ ಕೊಡಲೂ ಹೋಗಬೇಡಿ, ಅವಳಿಗೆ ಬೇಡವಂತೆ. "ಆ ನೆಟ್ಟಗಿನ ಬಂದೂಕ ತಗೊಂಡ ನಾವೇನ್ ಮಾಡೂಣು" ಅಂದಳು. ಊರ ಮಂದಿ ಸೇರುವ ಕಟ್ಟೆಯ ಹತ್ತಿರ ನಿಂತು, ಅವಳನ್ನು ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿ: ಬಂದೂಕು ಸೊಟ್ಟ ಇತ್ತು, ಮಾಯವ್ವನ ಕಣ್ಣು ಸರಿ ಇವೆ, ಸುಳ್ಳು ಹೇಳಿದವನು ನಾನು. ಮೂರೇ ಮಾತು. ಮೈಕಿನಲ್ಲಿ ಅಷ್ಟೊಂದು ಮಾತಾಡಿದವರಿಗೆ ಇದು ಕಷ್ಟವಾಗಬಾರದು.

ಹೋಗುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಗುಂಜಿಯಲ್ಲಿ ನಿಮ್ಮನ್ನು ನೋಡಿದ್ದೇನೆ, ಹೋಗುವವರು ಅನಿಸುತ್ತದೆ. ನಮ್ಮ ಹಾಲ್‌ನಲ್ಲಿ ಪ್ರಸಾದನ ಎದುರು ನೋಡಿದ್ದೇನೆ, ಹೋಗುವವರಲ್ಲ ಅನಿಸುತ್ತದೆ.

ನಿಮ್ಮ ಹೆಂಡತಿ ಎಂದು ಸದ್ಯಕ್ಕೆ ಬರೆಯಲಾರದ,
ಪ್ರಮಿಳಾ

ತಾ.ಕ.: ಜಾಂಬೋಟಿಯ ಕಡೆ ಒಂದು ಮನೆಯಲ್ಲಿ ಕಂಪನಿ ಕಾಲದ ಬಂದೂಕು ಇದೆ ಎಂದು ನಿನ್ನೆ ಯಲ್ಲೇಶ ಹೇಳಿದ. ಅದರ ಟ್ರಿಗರ್ ಇರಬೇಕಾದಲ್ಲಿ ಇಲ್ಲವಂತೆ, ಎಡಗೈ ಹಿಡಿಯುವ ಜಾಗಕ್ಕೆ ಮುಂದೆ ಸರಿಸಿದ್ದಾರಂತೆ. ಯಾಕೆ ಎಂಬುದು ಆ ಮನೆಯವರಿಗೂ ತಿಳಿಯದು. ಕೇಳಿದ ಕೂಡಲೇ ನನ್ನ ಬೆರಳು ನಿಮ್ಮ ನಂಬರು ಒತ್ತಿಬಿಟ್ಟಿತ್ತು, ಒಂದು ರಿಂಗಿಗೇ ಕತ್ತರಿಸಿದೆ. ನಿಮ್ಮ ಫೋನಿನಲ್ಲಿ ಕಂಡಿದ್ದರೆ ಕೈತಪ್ಪಿ ಬಂದದ್ದು ಎಂದು ತಿಳಿಯಿರಿ. ಬೇರೆ ಯಾರಿಗೂ ಇನ್ನೂ ಹೇಳಿಲ್ಲ.